ಸಾಣೆಯ ಹೊತ್ತಿಗೂ ಕೂಲಿ ಬೇಕು

ಉಳಿ, ಕೈಗರಗಸ, ಕೀಸುಳಿಗಳಲ್ಲೇ ಮರಗೆಲಸ ನಡೆಯುತ್ತಿದ್ದಾಗ ಹತ್ಯಾರು ಮೊಂಡಾದ ಸುದ್ದಿ ಮೊದಲು ತಲುಪುತ್ತಿದ್ದುದು ಬಡಗಿಯ ರಟ್ಟೆಗೆ. ಗರಗಸ ಮರವನ್ನು ಕಚ್ಚದೆ ಬರೀ ಸವರತೊಡಗಿದರೆ ತೋಳು ಸೋಲುತ್ತಿತ್ತು. ತೋಳು ಸೋತವರು ಕೆಲಸ ನಿಲ್ಲಿಸಿ ಅರ ಹಿಡಿದು ಹಲ್ಲು ತೀಡುತ್ತಿದ್ದರು, ಸಾಣೆಕಲ್ಲಿಗೆ ನೀರು ಚಿಮುಕಿಸಿ ಉಳಿಯ ಬಾಯಿ ಮಸೆಯುತ್ತಿದ್ದರು. ಮಸೆಯುವುದೂ ಬಡಗಿಯ ಕೆಲಸವೇ ಎಂಬುದು ಕೆಲಸ ಮಾಡಿಸುವವರಿಗೂ ಗೊತ್ತಿತ್ತು. ಆ ಹೊತ್ತು ದಿನಗೂಲಿಯ ಒಳಗೇ ಇತ್ತು. ಕರೆಂಟಿನ ಗರಗಸ, ಡ್ರಿಲ್, ಗ್ರೈಂಡರ್‌ಗಳು ಬಂದ ಮೇಲೆ ಈ ಲೆಕ್ಕ ತಪ್ಪಿದೆ. ದಣಿವನ್ನು ಯಂತ್ರ ತನ್ನ ಮೇಲೆ ಹಾಕಿಕೊಳ್ಳುತ್ತದೆ. ಬ್ಲೇಡು ಮೊಂಡಾಗಿದ್ದರೂ ಒತ್ತಿ ಹಿಡಿದರೆ ಕೊಯ್ಯುತ್ತದೆ, ಬಿಟ್ಟು ಸವೆದಿದ್ದರೂ ಮೈಭಾರ ಹಾಕಿದರೆ ತೂತು ಬೀಳುತ್ತದೆ. ಸೋತ ಸುದ್ದಿ ಈಗ ಹೋಗುವುದು ಯಂತ್ರದೊಳಗಿನ ತಾಮ್ರದ ಸುರುಳಿಗೆ. ಅದಕ್ಕೆ ಬಾಯಿಲ್ಲ, ಸುಟ್ಟ ವಾಸನೆ ಬರುವ ತನಕ ಅದು ಏನನ್ನೂ ಹೇಳುವುದಿಲ್ಲ. ಆದ್ದರಿಂದ ಆರೈಕೆಗೆ ದೇಹ ಕೊಡುತ್ತಿದ್ದ ಕರೆಯ ಬದಲು ದಿನಚರಿಯಲ್ಲೇ ಒಂದು ಹೊತ್ತು ಗೊತ್ತುಮಾಡಬೇಕು, ಆ ಹೊತ್ತಿಗೆ ಕೂಲಿಯೂ ಇರಬೇಕು ಎಂಬುದು ನನ್ನ ವಾದ. ಅದಿಲ್ಲದಿದ್ದರೆ ಡಬ್ಬಿಯೊಳಗೆ ಬರುವ ಕೈಪಿಡಿಯ ಸಲಹೆಗಳೆಲ್ಲ ಡಬ್ಬಿಯಲ್ಲೇ ಉಳಿಯುತ್ತವೆ.

ಮೊಂಡು ಬ್ಲೇಡಿಗೂ ಸುಟ್ಟ ಮೋಟರಿಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಸಂಬಂಧ ನೇರವಾದದ್ದು. 1895ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನ ಫೈನ್ ಕಂಪನಿ ಮೊದಲ ಕರೆಂಟಿನ ಕೈಡ್ರಿಲ್ ತಯಾರಿಸಿತು. ಅಲ್ಲಿಂದ ಇಲ್ಲಿಯವರೆಗೆ ವೈರಿನ ಕೈಯಂತ್ರಗಳು ಎಷ್ಟೋ ಬದಲಾಗಿದ್ದರೂ ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಮೈಯೊಳಗೆ ದೊಡ್ಡ ಶಕ್ತಿ ತುಂಬುವ ಕಷ್ಟ ಹಾಗೇ ಇದೆ. ಮೋಟರು ತಿರುಗುವಾಗ ಅದರ ಸುರುಳಿಯಲ್ಲಿ ಎದುರು ವೋಲ್ಟೇಜು ಹುಟ್ಟಿ, ಒಳಬರುವ ಕರೆಂಟನ್ನು ತಡೆದು ಹಿಡಿಯುತ್ತದೆ. ಬ್ಲೇಡು ಮೊಂಡಾಗಿ, ಕೈ ಒತ್ತಿ, ವೇಗ ಇಳಿದರೆ ಆ ತಡೆ ಸಡಿಲವಾಗುತ್ತದೆ, ಕರೆಂಟು ಏರುತ್ತದೆ. ಕರೆಂಟು ಇಮ್ಮಡಿಯಾದರೆ ಸುರುಳಿಯ ಬಿಸಿ ನಾಲ್ಕು ಪಟ್ಟಾಗುತ್ತದೆ. ಇಷ್ಟಾದರೆ ಸಾಲದು ಎಂಬಂತೆ, ಯಂತ್ರವನ್ನು ತಂಪಾಗಿಡುವ ಫ್ಯಾನು ಕೂತಿರುವುದೂ ಅದೇ ದಂಡದ ಮೇಲೆ. ಮೋಟರು ನಿಧಾನವಾದರೆ ಫ್ಯಾನೂ ನಿಧಾನ. ಹೆಚ್ಚು ಗಾಳಿ ಬೇಕಾದ ಹೊತ್ತಿಗೇ ಗಾಳಿ ಕಡಿಮೆಯಾಗುತ್ತದೆ. ಭಾರದ ಕೆಲಸ ಮುಗಿದ ತಕ್ಷಣ ಸ್ವಿಚ್ಚು ಆರಿಸದೆ ಅರ್ಧ ನಿಮಿಷ, ಒಂದು ನಿಮಿಷ ಯಂತ್ರವನ್ನು ಖಾಲಿ ಓಡಿಸಬೇಕೆಂದು ಹಳೆಯ ಮಿಸ್ತ್ರಿಗಳು ಹೇಳುವುದು ಇದಕ್ಕೇ. ಒಳಗಿನ ಬಿಸಿಯನ್ನು ಹೊರಗೆ ತಳ್ಳಲು ಆ ಫ್ಯಾನಿನ ಹೊರತು ಬೇರೆ ದಾರಿಯಿಲ್ಲ.

ಹಾಗಾದರೆ ಮೊಂಡಾದದ್ದನ್ನು ತಿಳಿಯುವುದು ಹೇಗೆ? ತೋಳು ಹೇಳದಿದ್ದರೂ ಕೆಳಗೆ ಬೀಳುವ ಪುಡಿ ಹೇಳುತ್ತದೆ. ಮರ ಕೊಯ್ಯುವ ಚೈನ್‌ಸಾ ಹರಿತವಾಗಿದ್ದರೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ; ಹಿಟ್ಟಿನಂತಹ ಪುಡಿ ಬಂದರೆ ಚೈನಿಗೆ ಅರ ಹಿಡಿಯುವ ಹೊತ್ತಾಗಿದೆ ಎಂದರ್ಥ. ಕಬ್ಬಿಣಕ್ಕೆ ತೂತು ಹೊಡೆಯುವಾಗ ಒಳ್ಳೆಯ ಬಿಟ್ಟು ಸುರುಳಿ ಸುರುಳಿಯಾಗಿ ಲೋಹ ಬಿಡಿಸುತ್ತದೆ, ಸವೆದದ್ದು ಕಿರುಗುಟ್ಟುತ್ತ ತೂತನ್ನೂ ತನ್ನನ್ನೂ ನೀಲಿಗಟ್ಟಿಸುತ್ತದೆ. ಪ್ಲೈವುಡ್ಡಿನ ಅಂಚು ಕಪ್ಪಾಗಿ ಸುಟ್ಟಿದ್ದರೆ ತಪ್ಪು ಪ್ಲೈವುಡ್ಡಿನದ್ದಲ್ಲ. ಎಷ್ಟೋ ಸಲ ಬ್ಲೇಡು ಮೊಂಡಾಗಿಯೂ ಇರುವುದಿಲ್ಲ. ಹಲ್ಲಿನ ಸಂದಿಗೆ ಮರದ ಅಂಟು, ಫೆವಿಕಾಲು, ಲ್ಯಾಮಿನೇಟಿನ ಹುಡಿ ಮೆತ್ತಿಕೊಂಡಿರುತ್ತದೆ. ಅದನ್ನು ನೆನೆಸಿ ಬ್ರಶ್ಶಿನಲ್ಲಿ ಉಜ್ಜಿದರೆ ಅರ್ಧ ಹರಿತ ಮರಳಿ ಬರುತ್ತದೆ. ಕಾರ್ಬೈಡು ಹಲ್ಲಿನ ಬ್ಲೇಡುಗಳಿಗೆ ಸಾಣೆ ಹಿಡಿದುಕೊಡುವ ಅಂಗಡಿಗಳೂ ಇವೆ. ಈ ಗುರುತುಗಳನ್ನು ಓದಲು ವಿಶೇಷ ವಿದ್ಯೆ ಬೇಕಿಲ್ಲ, ನಿಂತು ನೋಡುವ ಬಿಡುವು ಬೇಕು. ಚದರಡಿ ಲೆಕ್ಕದಲ್ಲಿ ದುಡಿಯುವವರಿಗೆ ಇಲ್ಲದಿರುವುದು ಆ ಬಿಡುವೇ.

ಮೊಂಡುತನದ ನಂತರದ ಶತ್ರು ದೂಳು. ಯಂತ್ರದ ಹಿಂಬದಿಯ ಸೀಳುಗಳಿಂದ ಗಾಳಿ ಒಳಗೆ ಹೋಗುವಾಗ ಗ್ರಾನೈಟಿನ ಪುಡಿ, ಕಬ್ಬಿಣದ ಪುಡಿ, ಮರದ ಹೊಟ್ಟು ಎಲ್ಲವೂ ಜೊತೆಗೆ ಹೋಗುತ್ತವೆ. ಗ್ರಾನೈಟಿನ ದೂಳು ಸುರುಳಿಯ ಮೇಲಿನ ವಾರ್ನಿಷನ್ನು ಉಪ್ಪುಕಾಗದದಂತೆ ತಿಕ್ಕಿ ತೆಗೆಯುತ್ತದೆ. ಕಬ್ಬಿಣದ ದೂಳು ಕರೆಂಟಿಗೆ ದಾರಿ ಮಾಡಿಕೊಡುತ್ತದೆ. ಕೈಯಂತ್ರಗಳ ಮೈಮೇಲೆ ಚೌಕದೊಳಗೊಂದು ಚೌಕದ ಗುರುತು ಇರುವುದನ್ನು ಅನೇಕರು ನೋಡಿರಬಹುದು. ಇದಕ್ಕೆ ಎರಡು ಪದರದ ನಿರೋಧಕವಿದೆ, ಅರ್ಥ್ ವೈರು ಬೇಡ ಎಂದು ಅದರ ತಾತ್ಪರ್ಯ. ಆ ಭರವಸೆ ನಿಂತಿರುವುದು ಒಳಗೆ ಒಣಗಿರುತ್ತದೆ, ಶುಚಿಯಾಗಿರುತ್ತದೆ ಎಂಬ ನಂಬಿಕೆಯ ಮೇಲೆ. ನೀರು ಬಿಟ್ಟು ಟೈಲ್ಸ್ ಕೊಯ್ಯುವ ಮಾರ್ಬಲ್ ಕಟ್ಟರಿನಲ್ಲಿ ಕೆಸರು ಸೀಳುಗಳೊಳಗೆ ಕಟ್ಟಿದರೆ, ಗ್ರೈಂಡರಿನೊಳಗೆ ಲೋಹದ ಪುಡಿ ತುಂಬಿದರೆ, ಎರಡು ಪದರಗಳಿದ್ದೂ ಇಲ್ಲದಂತಾಗುತ್ತದೆ. ದಿನದ ಕೊನೆಗೆ ಕನ್ನಡಕ ಹಾಕಿಕೊಂಡು ಒಣ ಗಾಳಿ ಊದಿ ಸೀಳುಗಳನ್ನು ಬಿಡಿಸುವುದಕ್ಕೆ ಎರಡು ನಿಮಿಷ ಸಾಕು. ಯಂತ್ರದ ಹೊಟ್ಟೆ ಸೇರುವ ಈ ದೂಳೇ ಅದನ್ನು ಹಿಡಿದವರ ಎದೆಯನ್ನೂ ಸೇರುತ್ತದೆ. ಕಲ್ಲಿನ ದೂಳು ಸಿಲಿಕೋಸಿಸ್ ತರುತ್ತದೆ, ಅದು ಬಂದ ಮೇಲೆ ವಾಸಿಯಾಗುವುದಿಲ್ಲ.

ಕಾರ್ಬನ್ನಿನ ವಿಷಯಕ್ಕೆ ಬಂದರೆ ಲೆಕ್ಕ ಇನ್ನೂ ಸ್ಪಷ್ಟ. ತಿರುಗುವ ಆರ್ಮೇಚರಿಗೆ ಕರೆಂಟು ಮುಟ್ಟಿಸುವ ಎರಡು ಸಣ್ಣ ಇಂಗಾಲದ ತುಂಡುಗಳು ಸವೆಯಲೆಂದೇ ಮಾಡಿದವು. ಎಷ್ಟು ಸವೆಯುವವರೆಗೆ ಬಳಸಬಹುದೆಂಬ ಗೆರೆಯನ್ನು ಹಲವು ಕಂಪನಿಗಳು ಕಾರ್ಬನ್ನಿನ ಮೇಲೆಯೇ ಹಾಕಿರುತ್ತವೆ. ಸಾಮಾನ್ಯವಾಗಿ ಐದಾರು ಮಿಲಿಮೀಟರು ಉಳಿದಾಗ ಬದಲಿಸಬೇಕು, ಒಂದೇ ಸವೆದಂತೆ ಕಂಡರೂ ಜೋಡಿಯಾಗಿಯೇ ಬದಲಿಸಬೇಕು. ಬದಲಿಸದಿದ್ದರೆ ಕಾರ್ಬನ್ನಿನ ಹಿಂದಿನ ಸ್ಪ್ರಿಂಗು ಬಂದು ಆರ್ಮೇಚರಿನ ತಾಮ್ರವನ್ನು ಗೀರುತ್ತದೆ. ಸಣ್ಣ ನೀಲಿ ಕಿಡಿ ಸಹಜ. ಸುತ್ತಲೂ ಉಂಗುರದಂತೆ ಬೆಂಕಿ ಓಡಿದರೆ ಅಲ್ಲಿಗೆ ನಿಲ್ಲಿಸಬೇಕು. ಚಿಲ್ಲರೆ ಹಣದ ಕಾರ್ಬನ್ ಜೋಡಿಯನ್ನು ಹೊತ್ತಿಗೆ ಹಾಕದೆ ಹೋದದ್ದಕ್ಕೆ ತೆರಬೇಕಾದ ದಂಡ ಒಂದು ಆರ್ಮೇಚರು. ರಿಪೇರಿಗಿಂತ ಹೊಸದೇ ವಾಸಿ ಎಂಬ ತೀರ್ಮಾನ ಹುಟ್ಟುವುದು ಬಹುಮಟ್ಟಿಗೆ ಇಂಥ ಕಡೆಯಲ್ಲೇ.

ಇಲ್ಲಿಗೆ ಮೊದಲ ಆಕ್ಷೇಪ ಏಳುತ್ತದೆ. ನಾಲ್ಕಿಂಚಿನ ಗ್ರೈಂಡರು ಈಗ ಎರಡು ಮೂರು ದಿನದ ಕೂಲಿಗೆ ಸಿಗುತ್ತದೆ, ಕೆಟ್ಟರೆ ಬಿಸಾಡಿ ಇನ್ನೊಂದು ತಂದರಾಯಿತು, ಅದಕ್ಕೆಂದು ದಿನಾ ಹೊತ್ತು ಕಳೆಯುವುದು ಯಾಕೆ ಎಂದು. ಯಂತ್ರದ ಬೆಲೆ ಒಂದೇ ಎಣಿಕೆಯಾದರೆ ಈ ಮಾತಿಗೆ ಅರ್ಥವಿದೆ, ನಿಜ. ಆದರೆ ಆರೈಕೆಯಿಲ್ಲದ ಯಂತ್ರ ಒಂದು ದಿನ ನೆಟ್ಟಗೆ ಕೆಟ್ಟು ನಿಲ್ಲುವುದಿಲ್ಲ. ಕೆಡುವ ಮೊದಲು ತುಂಬ ದಿನ ಅಪಾಯದಲ್ಲೇ ಓಡುತ್ತದೆ. ಗ್ರೈಂಡರಿನ ಸ್ಪ್ಯಾನರು ಕಳೆದುಹೋಗಿರುತ್ತದೆ, ಹೊಸದು ತರುವವರಿಲ್ಲ. ಡಿಸ್ಕಿನ ನಟ್ಟನ್ನು ಸ್ಕ್ರೂಡ್ರೈವರು ಇಟ್ಟು ಸುತ್ತಿಗೆಯಿಂದ ಬಡಿದು ಬಿಗಿಯುತ್ತಾರೆ. ಚಕ್ಕಿನ ಕೀ ಇಲ್ಲದೆ ಕೈಯಲ್ಲೇ ಬಿಗಿದ ಬಿಟ್ಟು ಜಾರುತ್ತದೆ. ಪ್ಲಗ್ಗು ಒಡೆದು ಹೋಗಿದೆಯೆಂದು ಎರಡು ವೈರುಗಳನ್ನು ಬತ್ತಲೆಯಾಗಿ ಸಾಕೆಟ್ಟಿಗೆ ಸಿಕ್ಕಿಸಿ ಬೆಂಕಿಕಡ್ಡಿ ತುರುಕಿ ನಿಲ್ಲಿಸುವ ದೃಶ್ಯ ಕಟ್ಟಡ ಕೆಲಸದ ಜಾಗಗಳಲ್ಲಿ ಅಪರೂಪವಲ್ಲ. ಆನ್ ಆಗಿಯೇ ಇರುವಂತೆ ಸ್ವಿಚ್ಚನ್ನು ಹಿಡಿದಿಡುವ ಗುಂಡಿಯೊಳಗೆ ದೂಳು ಸಿಕ್ಕಿಕೊಂಡಿರುತ್ತದೆ. ಕೊಯ್ಯುತ್ತಿರುವಾಗ ಕರೆಂಟು ಹೋದರೆ ಯಂತ್ರವನ್ನು ನೆಲಕ್ಕಿಟ್ಟು ಚಹಾಕ್ಕೆ ಹೋಗುತ್ತಾರೆ. ಕರೆಂಟು ಬಂದ ಕ್ಷಣ ಅದು ತನ್ನಷ್ಟಕ್ಕೆ ತಿರುಗಿ ನೆಲದ ಮೇಲೆ ಕುಣಿಯುತ್ತದೆ. ಎರಡು ಸಾವಿರ ರೂಪಾಯಿಯ ಯಂತ್ರ ಬಿಸಾಡಬಹುದು, ಕಾಲನ್ನು ಬಿಸಾಡಲಾಗುವುದಿಲ್ಲ.

ಡಿಸ್ಕಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಆರೈಕೆ ಎಂದರೆ ಎಣ್ಣೆ ಬಿಡುವುದು ಎಂದಷ್ಟೇ ತಿಳಿದಿರುವವರು ಇದನ್ನು ಆ ಲೆಕ್ಕಕ್ಕೆ ಸೇರಿಸುವುದೇ ಇಲ್ಲ. ಲೋಹ ಕೊಯ್ಯುವ ತೆಳು ಡಿಸ್ಕುಗಳು ಮಸೆಯುವ ಹರಳುಗಳನ್ನು ರಾಳದಲ್ಲಿ ಅಂಟಿಸಿ ಮಾಡಿದವು. ಆ ರಾಳ ಕಾಲ ಕಳೆದಂತೆ, ತೇವ ಹೀರಿದಂತೆ ಬಿಗಿ ಕಳೆದುಕೊಳ್ಳುತ್ತದೆ. ಹೀಗಾಗಿ ಅವಕ್ಕೂ ಅವಧಿಯಿದೆ, ಸಾಮಾನ್ಯವಾಗಿ ತಯಾರಾದಂದಿನಿಂದ ಮೂರು ವರ್ಷ. ನಡುವಿನ ಲೋಹದ ಉಂಗುರದ ಮೇಲೆ ತಿಂಗಳು, ವರ್ಷ ಒತ್ತಿರುತ್ತಾರೆ. ಮಲೆನಾಡಿನ ಮಳೆಗಾಲದಲ್ಲಿ ಶೀತದ ಗೋಡೆಗೆ ಒರಗಿಸಿಟ್ಟ ಡಿಸ್ಕು, ಭಾರದ ಸಾಮಾನಿನಡಿ ಬಾಗಿ ಬಿದ್ದಿದ್ದ ಡಿಸ್ಕು, ಅವಧಿ ಉಳಿದಿದ್ದರೂ ನಂಬಿಕೆಗೆ ಯೋಗ್ಯವಲ್ಲ. ಇನ್ನು ಅಳತೆ. ಇಂಥ ಡಿಸ್ಕುಗಳ ಮೇಲೆ ಸೆಕೆಂಡಿಗೆ 80 ಮೀಟರು ಎಂಬ ಮಿತಿ ಅಚ್ಚಾಗಿರುತ್ತದೆ, ಅಂಚಿನ ವೇಗ ಅದನ್ನು ಮೀರಬಾರದು. ನಾಲ್ಕಿಂಚಿನ ಗ್ರೈಂಡರು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ದೊಡ್ಡ ಕಬ್ಬಿಣ ಕೊಯ್ಯಬೇಕೆಂದು ಗಾರ್ಡು ಬಿಚ್ಚಿ ಅದೇ ಯಂತ್ರಕ್ಕೆ ಏಳಿಂಚಿನ, ಅಂದರೆ 180 ಮಿಲಿಮೀಟರಿನ ಡಿಸ್ಕು ಹಾಕಿದರೆ ಅಂಚಿನ ವೇಗ ಸೆಕೆಂಡಿಗೆ 103 ಮೀಟರು ದಾಟುತ್ತದೆ. ಡಿಸ್ಕನ್ನು ಹರಿದು ಚೆಲ್ಲಲು ನೋಡುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಅದು ತಾಳಬೇಕಾದ್ದಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ಎಳೆತಕ್ಕೆ ಸಿಕ್ಕಿರುತ್ತದೆ, ಒಡೆದರೆ ತಡೆಯಲು ಗಾರ್ಡೂ ಇಲ್ಲ. ಏಳಿಂಚಿನ ಡಿಸ್ಕಿಗೆಂದೇ ಮಾಡಿದ ಗ್ರೈಂಡರು ನಿಮಿಷಕ್ಕೆ ಸುಮಾರು 8,500 ಸುತ್ತಿಗೆ ನಿಲ್ಲುವುದು ಈ ಲೆಕ್ಕದಿಂದಲೇ.

ಎಕ್ಸ್‌ಟೆನ್ಶನ್ ವೈರನ್ನೂ ಯಂತ್ರದ ಭಾಗವೆಂದೇ ಎಣಿಸಬೇಕು. ಒಂದು ಚದರ ಮಿಲಿಮೀಟರಿನ ತಾಮ್ರದ ವೈರನ್ನು 50 ಮೀಟರು ಎಳೆದರೆ ಹೋಗಿ ಬರುವ ದಾರಿಯ ತಡೆ ಸುಮಾರು 1.8 ಓಮ್, ಆರು ಆಂಪಿಯರು ಎಳೆಯುವ ಯಂತ್ರಕ್ಕೆ ತಲುಪುವಷ್ಟರಲ್ಲಿ ಹತ್ತು ವೋಲ್ಟು ಸೋರಿಹೋಗುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಅರ್ಧ ಚದರ ಮಿಲಿಮೀಟರಿನ ವೈರು ತಂದರೆ ಇಪ್ಪತ್ತು. ಊರಿನ ಕರೆಂಟು ಸಂಜೆಯ ಹೊತ್ತಿಗೆ ಮೊದಲೇ ಇಳಿದಿದ್ದರೆ ಯಂತ್ರ ಸೊರಗುತ್ತದೆ, ಹಿಡಿದವರು ಇನ್ನಷ್ಟು ಒತ್ತುತ್ತಾರೆ, ಮೇಲೆ ಹೇಳಿದ ಬಿಸಿಯ ಕತೆ ಮತ್ತೆ ಶುರುವಾಗುತ್ತದೆ. ಸುತ್ತಿಟ್ಟ ವೈರನ್ನು ಪೂರ್ತಿ ಬಿಚ್ಚದೆ ಬಳಸಿದರೆ ಸುರುಳಿಯ ಒಳಪದರ ಕರಗುವಷ್ಟು ಕಾಯಬಹುದು. ವೈರಿನ ಮೇಲೆ ಸುತ್ತಿದ ಇನ್ಸುಲೇಷನ್ ಟೇಪು ರಿಪೇರಿಯಲ್ಲ, ಅದು ಬರೀ ಮುಂದೂಡಿಕೆ. ಕೆಲಸದ ಜಾಗಕ್ಕೆ, ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸುವುದು, ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡುವುದು, ಇವೂ ಆರೈಕೆಯೇ.

ಎರಡನೆಯ ಆಕ್ಷೇಪ ಹೆಚ್ಚು ಕೇಳಿಬರುವಂಥದ್ದು: ಇವೆಲ್ಲ ಕೆಲಸಗಾರರ ಉಡಾಫೆ, ತಮ್ಮದಲ್ಲದ ಯಂತ್ರವನ್ನು ಅವರು ಯಾಕೆ ನೋಡಿಕೊಂಡಾರು ಎಂದು. ಈ ಮಾತನ್ನು ನಾನು ಒಪ್ಪುವುದಿಲ್ಲ. ಚದರಡಿಗೆ ಇಷ್ಟು ಎಂದು ಟೈಲ್ಸ್ ಕೆಲಸ ಹಿಡಿದವರಿಗೆ ಕಾರ್ಬನ್ ನೋಡಲು ಕಳೆದ ಹತ್ತು ನಿಮಿಷಕ್ಕೆ ಕಾಸಿಲ್ಲ. ಹೊಸ ಬ್ಲೇಡು ತಮ್ಮ ಜೇಬಿನಿಂದಲೇ ಬರಬೇಕಾದರೆ ಹಳೆಯದನ್ನು ಕೊನೆಯ ಹಲ್ಲಿನವರೆಗೆ ಎಳೆಯುತ್ತಾರೆ. ಯಂತ್ರ ಗುತ್ತಿಗೆದಾರರದ್ದು, ಬ್ಲೇಡು ಕೆಲಸಗಾರರದ್ದು, ಗಡುವು ಮನೆಯವರದ್ದು ಎಂದು ಮೂರು ಕಡೆ ಹಂಚಿಹೋದ ಮೇಲೆ ಆರೈಕೆ ಯಾರ ಪಾಲಿಗೂ ಬರುವುದಿಲ್ಲ. ಉಡಾಫೆ ಎಂದು ಕಾಣುವುದು ವಾಸ್ತವದಲ್ಲಿ ಕೂಲಿಯ ಲೆಕ್ಕ ಕಲಿಸಿದ ಪಾಠ. ಯಂತ್ರದ ಮೇಲೆ ನಮ್ಮ ಜನಕ್ಕೆ ಗೌರವವಿಲ್ಲ ಎನ್ನುವುದಂತೂ ಸುಳ್ಳು. ಆಯುಧಪೂಜೆಯ ಮುನ್ನಾದಿನ ವರ್ಕ್‌ಶಾಪುಗಳಲ್ಲಿ ಒಂದೊಂದು ಯಂತ್ರವನ್ನೂ ಒರೆಸಿ, ಎಣ್ಣೆಮಸಿ ತೆಗೆದು, ಕುಂಕುಮವಿಟ್ಟು ಸಾಲಾಗಿ ಕೂರಿಸುವ ಶ್ರದ್ಧೆಯನ್ನು ಯಾರೂ ಸಂಬಳ ಕೊಟ್ಟು ಮಾಡಿಸುತ್ತಿಲ್ಲ. ಆ ದಿನ ಯಂತ್ರಕ್ಕೆ ರಜೆ, ಕೈಗೆ ಬಿಡುವು. ಬಿಡುವು ಸಿಕ್ಕಾಗ ಶ್ರದ್ಧೆ ತಾನಾಗಿ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಕಲಿಯುವ ಹೊತ್ತಿಗೂ ದುಡ್ಡು ಕೊಡಬೇಕೆಂಬುದನ್ನು ಸರ್ಕಾರ ಈಗಾಗಲೇ ಒಪ್ಪಿದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ ಬಡಗಿ, ಕಮ್ಮಾರ, ಗಾರೆಯವರೂ ಸೇರಿದಂತೆ 18 ಕಸುಬಿನವರಿದ್ದಾರೆ. ತರಬೇತಿಗೆ ಬಂದವರಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣ ಕೊಳ್ಳಲು 15,000 ರೂಪಾಯಿವರೆಗೆ ಇ-ವೋಚರು. ತರಬೇತಿಗೆ ಬಂದ ದಿನ ಕೂಲಿ ತಪ್ಪುತ್ತದೆ, ಅದನ್ನು ತುಂಬಿಕೊಡದೆ ಯಾರೂ ಬರಲಾರರು ಎಂಬ ತಿಳಿವಳಿಕೆ ಆ ಭತ್ಯೆಯ ಹಿಂದಿದೆ. ಆರೈಕೆಗೂ ಸಲ್ಲಬೇಕಾದ ನ್ಯಾಯ ಇದೇ. ಒಮ್ಮೆ ಕೊಡುವ ವೋಚರಿನಿಂದ ಯಂತ್ರ ಬರುತ್ತದೆ. ಆರು ತಿಂಗಳ ಮೇಲೆ ಬೇಕಾಗುವ ಕಾರ್ಬನ್ನು, ಬೇರಿಂಗು, ಬ್ಲೇಡು ಅದರಿಂದ ಬರುವುದಿಲ್ಲ. ಕೊಟ್ಟ ಯಂತ್ರ ಮೂಲೆ ಸೇರಬಾರದು ಎಂದಿದ್ದರೆ ವೋಚರಿನ ಒಂದು ಪಾಲನ್ನು ಸವೆಯುವ ಬಿಡಿಭಾಗಗಳಿಗೆಂದೇ ಮೀಸಲಿಟ್ಟು ಒಂದೆರಡು ವರ್ಷದ ಮೇಲೆ ಬಳಸುವಂತೆ ಮಾಡಬಹುದು.

ತಿಳಿಯದವರು ಯಂತ್ರ ಬಿಚ್ಚಿದರೆ ಇನ್ನೂ ಅಪಾಯ ಎಂಬ ಮೂರನೆಯ ಆಕ್ಷೇಪದಲ್ಲಿ ಹುರುಳಿದೆ. ಗೇರಿನ ಗ್ರೀಸು ಬದಲಿಸುವುದು, ಬೇರಿಂಗು ಎಳೆದು ಹಾಕುವುದು, ವೈಂಡಿಂಗು ಮುಟ್ಟುವುದು ಮೆಕ್ಯಾನಿಕರ ಕೆಲಸ. ಗ್ರೀಸು ಹೆಚ್ಚಾದರೂ ಗೇರಿನ ಡಬ್ಬಿ ಕಾಯುತ್ತದೆ. ಆದರೆ ಪ್ಲಗ್ಗು ಕಿತ್ತ ಮೇಲೆ ದೂಳು ಊದುವುದು, ವೈರನ್ನು ಉದ್ದಕ್ಕೂ ಕೈಯಾಡಿಸಿ ನೋಡುವುದು, ಹೊರಗಿನಿಂದಲೇ ತೆಗೆಯಬರುವ ಕಾರ್ಬನ್ ಮುಚ್ಚಳ ತಿರುಗಿಸಿ ಉದ್ದ ನೋಡುವುದು, ಹ್ಯಾಮರ್ ಡ್ರಿಲ್ಲಿನ ಬಿಟ್ಟಿನ ಬುಡಕ್ಕೆ ಚೂರು ಗ್ರೀಸು ಸವರುವುದು, ಇವಕ್ಕೆ ಯಾವ ಮೆಕ್ಯಾನಿಕರೂ ಬೇಡ. ಹೊಸ ಬ್ರಶ್‌ಲೆಸ್ ಬ್ಯಾಟರಿ ಯಂತ್ರಗಳಿಗೆ ಕಾರ್ಬನ್ನೂ ಇಲ್ಲ, ಎಳೆಯಲು ವೈರೂ ಇಲ್ಲ ಎಂಬುದು ನಿಜ. ಅಷ್ಟರಮಟ್ಟಿಗೆ ಕೆಲಸ ಹಗುರವಾಗಿದೆ. ಆರೈಕೆ ಬ್ಯಾಟರಿಗೆ ವರ್ಗವಾಗಿದೆ, ಅಷ್ಟೆ. 18 ವೋಲ್ಟಿನ ಪ್ಯಾಕಿನಲ್ಲಿ ಸಾಲಾಗಿ ಐದು ಲಿಥಿಯಂ ಸೆಲ್ಲುಗಳಿರುತ್ತವೆ. ಕೆಲಸದ ಬಿಸಿ ಆರುವ ಮೊದಲೇ ಚಾರ್ಜಿಗೆ ಹಾಕಿದರೆ, ಬೇಸಗೆಯಲ್ಲಿ ಸ್ಕೂಟರಿನ ಡಿಕ್ಕಿಯಲ್ಲಿ ಬಿಟ್ಟರೆ, ಪೂರ್ತಿ ಖಾಲಿ ಮಾಡಿ ತಿಂಗಳುಗಟ್ಟಲೆ ಇಟ್ಟರೆ ಅವುಗಳ ಆಯಸ್ಸು ಕುಗ್ಗುತ್ತದೆ. ಬಹುಕಾಲ ಇಡುವುದಾದರೆ ಅರ್ಧ ಚಾರ್ಜಿನಲ್ಲಿ, ತಂಪಾದ ಒಣ ಜಾಗದಲ್ಲಿ ಇಡಬೇಕು.

ತೋಟಗಳ ಕಡೆಗೆ ಬಂದರೆ, ಅಡಿಕೆ, ಕಾಫಿ ತೋಟದಲ್ಲಿ ಕಳೆ ಕೊಚ್ಚುವ ಪೆಟ್ರೋಲ್ ಯಂತ್ರಗಳು ಎದುರಿಸುತ್ತಿರುವುದು ಬೇರೆಯದೇ ತೊಂದರೆ. ಪೆಟ್ರೋಲಿನಲ್ಲಿ ಈಗ ಶೇಕಡ 20ರಷ್ಟು ಎಥನಾಲ್ ಇದೆ, ಎಥನಾಲ್ ತೇವ ಹೀರುತ್ತದೆ. ಮಳೆಗಾಲದ ಗಾಳಿಯಲ್ಲಿ ಟ್ಯಾಂಕಿನಲ್ಲೇ ತಿಂಗಳುಗಟ್ಟಲೆ ಉಳಿದ ಪೆಟ್ರೋಲಿನಿಂದ ನೀರು ಬೇರ್ಪಟ್ಟು ತಳಕ್ಕಿಳಿಯಬಹುದು, ಕಾರ್ಬ್ಯುರೇಟರಿನ ರಬ್ಬರು ಪೊರೆ ಹಾಳಾಗಬಹುದು. ಇಲ್ಲಿ ಬೇಕಾದದ್ದು ಋತುವಿನ ಕೊನೆಗೆ ಟ್ಯಾಂಕು ಖಾಲಿ ಮಾಡಿ, ಉಳಿದದ್ದು ಉರಿದು ಎಂಜಿನ್ ತಾನೇ ನಿಲ್ಲುವವರೆಗೆ ಓಡಿಸಿಡುವುದು, ಏರ್ ಫಿಲ್ಟರು ತೊಳೆದಿಡುವುದು. ದಿನಕ್ಕೆ ಇಷ್ಟೆಂದು ಯಂತ್ರಸಮೇತ ಆಳುಗಳನ್ನು ಕರೆಸುವ ತೋಟದವರು ಹುಲ್ಲು ಕೊಚ್ಚಿದ ಹೊತ್ತನ್ನಷ್ಟೇ ಎಣಿಸಿ ಕೂಲಿ ಕೊಟ್ಟರೆ ಈ ಕೆಲಸ ಯಾರ ಮನೆಯಲ್ಲೂ ಆಗುವುದಿಲ್ಲ.

ಕೇಳುತ್ತಿರುವುದು ದೊಡ್ಡ ಮೊತ್ತವೇನಲ್ಲ. ಎಂಟು ಗಂಟೆಯ ದುಡಿಮೆ ಎಂದರೆ 480 ನಿಮಿಷ; ಸಂಜೆಯ ಹತ್ತು ನಿಮಿಷ ಅದರಲ್ಲಿ ನೂರಕ್ಕೆ ಎರಡು ಪಾಲು. ಮೊಂಡು ಬ್ಲೇಡಿನಲ್ಲಿ ನಿಧಾನವಾಗಿ ಸಾಗುವ ಕೊಯ್ತದಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಯಾರಿಗೂ ಕಾಣದಂತೆ ಕರಗುತ್ತಿರುತ್ತದೆ. ಗುತ್ತಿಗೆಯ ಎಸ್ಟಿಮೇಟಿನಲ್ಲಿ ಸಿಮೆಂಟು, ಟೈಲ್ಸ್, ಕೂಲಿ ಎಂದು ಬರೆಯುವ ಕಡೆ ಬ್ಲೇಡು, ಡಿಸ್ಕು, ಕಾರ್ಬನ್ನಿಗೆಂದು ಪ್ರತ್ಯೇಕ ಸಾಲು ಇರಲಿ, ಅದನ್ನು ಕೆಲಸಗಾರರ ತಲೆಗೆ ಕಟ್ಟದಿರಲಿ. ಚದರಡಿ ದರ ಮಾತಾಡುವಾಗಲೇ ಸಂಜೆಯ ಹತ್ತು ನಿಮಿಷವನ್ನು ದರದೊಳಗೆ ಸೇರಿಸಿಕೊಳ್ಳಲಿ. ಮನೆ ಕಟ್ಟಿಸುವವರು ಗುತ್ತಿಗೆದಾರರನ್ನು ಮೊದಲ ದಿನವೇ ಕೇಳಬೇಕಾದ ಪ್ರಶ್ನೆಗಳು ಮೂರು: ಗ್ರೈಂಡರಿಗೆ ಗಾರ್ಡು ಇದೆಯೇ, ಅದರ ಸ್ಪ್ಯಾನರು ಎಲ್ಲಿದೆ, ಬ್ಲೇಡಿನ ದುಡ್ಡು ಯಾರದ್ದು?